ಕರಿಬೇವಿಗೆ ಕಪ್ಪು ಕುಂಡ

ಸಿಂಗಾಪುರದಲ್ಲಿ ಬಾಡಿಗೆ ರೂಮು ಹುಡುಕುವ ಬ್ರಹ್ಮಚಾರಿಯ ಹೆಸರು, ಊರು, ಉದ್ಯೋಗ ಯಾವುದೂ ಮನೆ ಓನರಿಗೆ ಬೇಡ. ಬೇಕಾದದ್ದು ಒಂದೇ: ಅಡುಗೆ ಮಾಡ್ತೀಯೋ ಇಲ್ಲವೋ. ಲತೇಶ ಈ ಪ್ರಶ್ನೆಗೆ ಸುಳ್ಳು ಹೇಳಿಯೇ ಎರಡು ರೂಮು ಕಳೆದುಕೊಂಡಿದ್ದ. ಕಾಪುವಿನ ಕಡಲ ಪಕ್ಕ ಹುಟ್ಟಿದವನಿಗೆ ವಾರಕ್ಕೊಮ್ಮೆ ಬಂಗುಡೆ ಹುರಿಯದಿದ್ದರೆ ನಿದ್ದೆ ಹತ್ತದು. ‘ಲೈಟ್ ಕುಕಿಂಗ್ ಓಕೆ’ ಎಂದು ಜಾಹೀರಾತು ಹಾಕಿದ್ದ ಮಹನೀಯರೆಲ್ಲ ಬಂಗುಡೆ ವಾಸನೆ ಎದ್ದ ಸಂಜೆಯೇ ‘ಲೈಟ್’ ಪದಕ್ಕೆ ವ್ಯಾಖ್ಯಾನ ಕೊಟ್ಟು ಅವನನ್ನು ಲಿಫ್ಟಿನವರೆಗೆ ಬೀಳ್ಕೊಟ್ಟಿದ್ದರು.

ಹೀಗೆ ಅಲೆದಲೆದು ಚೋವಾ ಚು ಕಾಂಗ್‌ನ ಸ್ವರ್ಣಲತಾ ಆಂಟಿಯ ಬಾಗಿಲಿಗೆ ಬಂದಾಗ, ಉಡುಪಿ ಕಡೆಯವರೇ ಆದ ಆಂಟಿ ಕೇಳಿದ್ದು ಬೇರೆಯೇ ಪ್ರಶ್ನೆ: ‘ಮೀನು ಹುರೀಲಿಕ್ಕೆ ಬರ್ತದಾ ನಿಂಗೆ?’ ಬರುತ್ತದೆ ಎಂದ. ‘ಹಾಗಾದ್ರೆ ಬಾ ಮಾರಾಯ, ನಮ್ಮೆಜಮಾನ್ರಿಗೂ ಹುರಿದು ಹಾಕು.’ ಅಂದಿನಿಂದ ಆಂಟಿಯ ಗಂಡ ಕೊರಗಪ್ಪ ಅಂಕಲ್ ಮತ್ತು ಲತೇಶ ಶನಿವಾರದ ಮಧ್ಯಾಹ್ನಗಳಲ್ಲಿ ಎದುರುಬದುರು ಕೂತು, ಮಾತಿಲ್ಲದೆ, ಮುಳ್ಳು ಬಿಡಿಸುತ್ತಾ ಪರಮಸುಖದಲ್ಲಿದ್ದರು.

ಆಂಟಿಗೆ ಮೀನಿಗಿಂತ ಗಿಡಗಳ ಮೇಲೆ ಪ್ರಾಣ. ಮನೆಯ ಮುಂದಿನ ಕಾರಿಡಾರಿನಲ್ಲಿ ಬಸಳೆ, ತುಳಸಿ, ಮಲ್ಲಿಗೆ, ದೊಡ್ಡಪತ್ರೆ, ಮತ್ತು ಇವೆಲ್ಲದರ ಯಜಮಾನನಂತೆ ಎದೆಯೆತ್ತರದ ಒಂದು ಕರಿಬೇವು. ಆ ಬ್ಲಾಕಿನ ಅಷ್ಟೂ ಕನ್ನಡದ ಮನೆಗಳ ಒಗ್ಗರಣೆ ನಿಂತದ್ದು ಈ ಒಂದು ಗಿಡದ ಮೇಲೆ. ಕುಂಡಗಳೆಂದರೆ ಎಣ್ಣೆ ಡಬ್ಬ, ಸೊಟ್ಟ ಬಕೆಟ್ಟು. ಎಲ್ಲಕ್ಕೂ ದಪ್ಪಗೆ ಬಿಳಿ ಪೇಂಟು ಬಳಿದಿತ್ತು.

ಅಣ್ಣನ ಮಗಳ ಮದುವೆಗೆಂದು ದಂಪತಿಗಳು ಊರಿಗೆ ಹೊರಟಾಗ ಆಂಟಿ ಲತೇಶನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಅಪ್ಪಣೆ ಕೊಟ್ಟರು.

‘ಬೆಳಿಗ್ಗೆ ನೀರು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸ್ಬೇಡ, ಸೊಳ್ಳೆ ಚೆಕ್ ಮಾಡ್ಲಿಕ್ಕೆ ಸರ್ಕಾರದವ್ರು ಬರ್ತಾರೆ. ಈ ಕರಿಬೇವಿನ ಗಿಡಕ್ಕೆ ಏನಾದ್ರೂ ಆಯ್ತೋ, ನಾನು ಬರುವಾಗ ನಿನ್ನ ರೂಮಲ್ಲಿ ಆ ಮೈಸೂರಿನ ಹುಡುಗ ಇರ್ತಾನೆ.’

ಮೈಸೂರಿನ ಹುಡುಗನೆಂದರೆ ಆಕರ್ಷ್. ಬ್ಯಾಂಕ್ ಉದ್ಯೋಗಿ, ಲತೇಶನ ಸ್ನೇಹಿತ, ಬ್ಯೂನಾ ವಿಸ್ಟಾದ ಐಷಾರಾಮಿ ಕಾಂಡೋ ಫ್ಲ್ಯಾಟೊಂದರಲ್ಲಿ ಬಾಡಿಗೆಗಿದ್ದ. ಅಲ್ಲಿ ಸ್ವಿಮ್ಮಿಂಗ್ ಪೂಲ್ ಇತ್ತು, ಜಿಮ್ ಇತ್ತು, ಒಲೆ ಹಚ್ಚುವ ಹಕ್ಕು ಮಾತ್ರ ಇರಲಿಲ್ಲ. ಪಾಪ, ಕೆಟಲ್ಲಿನಲ್ಲೇ ತಿಳಿಸಾರು ಕುದಿಸಲು ಹೋಗಿ ಓನರಿನ ಕೈಗೆ ಸಿಕ್ಕಿಬಿದ್ದಿದ್ದ. ಆಂಟಿಯನ್ನು ಕಂಡಾಗಲೆಲ್ಲ ‘ರೂಮ್ ಖಾಲಿ ಆದ್ರೆ ಹೇಳಿ ಆಂಟಿ’ ಎನ್ನುತ್ತಿದ್ದ, ಖಾಲಿ ಮಾಡಬೇಕಾದವನು ಪಕ್ಕದಲ್ಲೇ ನಿಂತಿದ್ದರೂ.

ಆಂಟಿ ಹೇಳಿದಷ್ಟನ್ನೇ ಲತೇಶ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನು ಎಂಜಿನಿಯರು. ಇದ್ದದ್ದನ್ನು ಇದ್ದ ಹಾಗೆ ಬಿಡುವುದು ಅವನ ವಿದ್ಯೆಗೆ ಅವಮಾನ. ಆಂಟಿ ಬಂದಾಗ ಕಣ್ಣರಳಿಸಿ ‘ಅಬ್ಬ!’ ಎನ್ನಬೇಕು, ಆ ಅಬ್ಬದ ಬಲದಿಂದ ರೂಮು ಶಾಶ್ವತವಾಗಬೇಕು ಎಂದು ಲೆಕ್ಕ ಹಾಕಿ, ನರ್ಸರಿಗೆ ಹೋಗಿ ಕಪ್ಪಗೆ ಮಿರಿಮಿರಿ ಮಿಂಚುವ ಕುಂಡಗಳನ್ನು ತಂದ. ಒಂದು ಭಾನುವಾರ ಪೂರ್ತಿ ಕೂತು ಅಷ್ಟೂ ಗಿಡಗಳನ್ನು ಬದಲಾಯಿಸಿದ. ಹಳೆಯ ಡಬ್ಬಗಳನ್ನು ಕಸಕ್ಕೆ ಹಾಕಿದ. ಸಾಲಾಗಿ ನಿಂತ ಕಪ್ಪು ಕುಂಡಗಳು ಪಂಚತಾರಾ ಹೋಟೆಲ್ಲಿನ ಲಾಬಿಯಂತೆ ಕಂಡವು. ಫೋಟೋ ತೆಗೆದು ಆಂಟಿಗೆ ಕಳಿಸಲು ಹೋದವನು, ಸರ್‌ಪ್ರೈಸ್ ಇರಲಿ ಎಂದು ತಡೆದ. ಅವನು ಜೀವನದಲ್ಲಿ ತೋರಿದ ಸಂಯಮಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ.

ಆ ಕಾರಿಡಾರು ಪಡುವಣಕ್ಕೆ ಮುಖ ಮಾಡಿತ್ತು. ಮಧ್ಯಾಹ್ನದ ಮೇಲೆ ಬಿಸಿಲು ನೇರ ಒಳಗೆ ಬಂದು, ಸಂಜೆಯವರೆಗೂ ಬಾಡಿಗೆ ಕಟ್ಟಿದವನಂತೆ ಕಾಲು ಚಾಚಿ ಕೂರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ದೊಡ್ಡಪತ್ರೆ ಜೋತುಬಿತ್ತು. ಮಲ್ಲಿಗೆ ಮೊಗ್ಗುಗಳು ಅರಳುವ ಮೊದಲೇ ಕಂದಿದವು. ಕರಿಬೇವು ಎಲೆ ಹಳದಿ ಮಾಡಿಕೊಂಡು, ದಿನಾ ಬೆಳಿಗ್ಗೆ ಒಂದು ಹಿಡಿ ಉದುರಿಸತೊಡಗಿತು. ಲತೇಶ ನೀರು ಹೆಚ್ಚು ಹಾಕಿದ. ಅದು ಇನ್ನೂ ಉದುರಿಸಿತು.

ಗಾಬರಿಯಾಗಿ ಅಮ್ಮನಿಗೆ ಫೋನ್ ಮಾಡಿದ.

‘ಉಷ್ಣ ಆಗಿರ್ಬೇಕು ಮಗಾ,’ ಎಂದರು ಅಮ್ಮ. ‘ಹುಳಿ ಮಜ್ಜಿಗೆ ನೀರು ಮಾಡಿ ಹೊಯ್ಯಿ. ಬೇವಿಗೆ ಮಜ್ಜಿಗೆ ಅಂದ್ರೆ ಆಯ್ತು.’

‘ಎಷ್ಟು?’

‘ಎಷ್ಟೂಂತ ಎಂತ? ನೋಡಿಕೊಂಡು.’

ಲತೇಶನಿಗೆ ನೋಡಿಕೊಂಡು ಮಾಡುವುದು ಗೊತ್ತಿರಲಿಲ್ಲ. ಎಲ್ಲ ಕುಂಡಗಳಿಗೂ ಧಾರಾಳವಾಗಿ ಮಜ್ಜಿಗೆ ಹೊಯ್ದ. ಉಷ್ಣ ಎಂದ ಮೇಲೆ ಮಜ್ಜಿಗೆಗೇ ಯಾಕೆ ನಿಲ್ಲಬೇಕು? ಮರುದಿನ ಎಳನೀರು ಕೊಟ್ಟ. ಅದರ ಮರುದಿನ ಮೆಂತ್ಯ ನೆನೆಸಿದ ನೀರು. ನೆತ್ತಿಗೆ ಹರಳೆಣ್ಣೆ ಹಚ್ಚುವ ಯೋಚನೆಯೂ ಬಂದಿತ್ತು. ಗಿಡದ ನೆತ್ತಿ ಯಾವುದೆಂದು ಖಚಿತವಾಗದೆ ಕೈಬಿಟ್ಟ.

ಗಿಡ ತಣಿಯಲಿಲ್ಲ. ಇರುವೆಗಳು ಮಾತ್ರ ಎಳನೀರಿನ ಸುದ್ದಿ ಕೇಳಿ ಕುಟುಂಬಸಮೇತ ಬಂದವು. ಪಕ್ಕದ ಮನೆಯ ಚೀನೀ ಹೆಂಗಸು ಆಂಟಿ ಟಾನ್ ಮೂಗಿಗೆ ಟಿಶ್ಯೂ ಒತ್ತಿಕೊಂಡು ಹೊರಗೆ ಬಂದರು.

‘ಬಾಯ್, ಯುವರ್ ಪ್ಲಾಂಟ್ ವಾಮಿಟ್ ಆ?’

‘ಸಾರಿ ಆಂಟಿ. ಮೆಡಿಸಿನ್.’

‘ವಾ, ಲೈಕ್ ದಿಸ್ ಬೆಟರ್ ಡೈ ಲಾ!’

ಆ ಶನಿವಾರ ಆಕರ್ಷ್ ಬಂದ. ‘ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಕಣೋ,’ ಎಂದ. ಗಿಡ ನೋಡಲು ಬಂದವನ ಕೈಯಲ್ಲಿ ಅಳತೆ ಟೇಪಿತ್ತು.

‘ಅದ್ಯಾಕೆ ಮಾರಾಯ?’

‘ಇದಾ? ಬ್ಯಾಗಲ್ಲಿತ್ತು.’ ಆಕರ್ಷ್ ಕರಿಬೇವಿನ ಮುಂದೆ ಆಸ್ಪತ್ರೆಗೆ ಬಂದ ದೂರದ ನೆಂಟನಂತೆ ನಿಂತ. ‘ಅಯ್ಯೋ, ಹೋಗೇಬಿಡ್ತಲ್ಲೋ! ಇರ್ಲಿ ಬಿಡು, ನೀನು ಟ್ರೈ ಮಾಡ್ದೆ. ಅಂದಹಾಗೆ, ನಿನ್ನ ವಾರ್ಡ್‌ರೋಬ್ ಗೋಡೆಗೆ ಫಿಕ್ಸ್ ಆಗಿದ್ಯಾ, ಶಿಫ್ಟ್ ಮಾಡ್ಬಹುದಾ?’

‘ಹೊರಗೆ ಹೋಗು.’

‘ಕೋಪ ಮಾಡ್ಕೋಬೇಡ್ವೋ. ನಾನು ಬಂದ್ಮೇಲೂ ನೀನು ಊಟಕ್ಕೆ ಬರಬಹುದು. ಮೀನು ಮಾತ್ರ ತರಬೇಡ.’

ಅವನು ಹೋದ ಮೇಲೆ ಲತೇಶ ಕಾರಿಡಾರಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಕರಿಬೇವಿನ ಕುಂಡಕ್ಕೆ ಆತ್ಮೀಯವಾಗಿ ಕೈಯಿಟ್ಟ. ಇಟ್ಟವನೇ ಕೂಗಿ ಕೈ ಎಳೆದುಕೊಂಡ. ಕುಂಡದ ಮೇಲೆ ದೋಸೆ ಹೊಯ್ಯಬಹುದಿತ್ತು.

ಇಲ್ಲಿ ಲತೇಶ ಎಂಥ ಎಂಜಿನಿಯರು ಎಂದು ಹೇಳಲೇಬೇಕು. ಅವನ ಮಾನ ಕಾಯಲೆಂದು ಇಲ್ಲಿಯವರೆಗೆ ಮುಚ್ಚಿಟ್ಟಿದ್ದಾಯಿತು. ಉಬಿ ಎಂಬ ಕೈಗಾರಿಕಾ ಬಡಾವಣೆಯ ಸಣ್ಣ ಕಂಪನಿಯೊಂದರಲ್ಲಿ, ಬಿಸಿಲಿನಲ್ಲಿ ನಿಲ್ಲುವ ವಿದ್ಯುತ್ ಪೆಟ್ಟಿಗೆಗಳು ಕಾಯದಂತೆ ನೋಡಿಕೊಳ್ಳುವುದು ಅವನ ಕೆಲಸ. ಗಿರಾಕಿಗಳೆದುರು ದಿನಾ ಅದೇ ಗಿಣಿಪಾಠ ಒಪ್ಪಿಸುತ್ತಿದ್ದ: ಸರ್, ಕಪ್ಪು ಬಣ್ಣ ಬೇಡ, ಬಿಳಿ ಹೊಡೆಸಿ. ನೆಲಕ್ಕೆ ತಾಗಿಸಬೇಡಿ, ಅಡಿಯಲ್ಲಿ ಗಾಳಿಯಾಡಲಿ. ಹೊರಗೊಂದು ಕವಚ ಹಾಕಿ, ನಡುವೆ ಜಾಗ ಬಿಡಿ. ಇದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದವನು ಮನೆಗೆ ಬಂದು, ಕಾದ ಕುಂಡಕ್ಕೆ ಎಳನೀರು ಕುಡಿಸುತ್ತಿದ್ದ.

ಬೇರು ಒಳಗೆ ಬೇಯುತ್ತಿತ್ತು. ಮೇಲಿನಿಂದ ಸುರಿದದ್ದೆಲ್ಲ ಬರೀ ಸಾರು.

ಆಮೇಲೆ ಲತೇಶ ತಡಮಾಡಲಿಲ್ಲ. ಉಬಿಯ ವರ್ಕ್‌ಶಾಪುಗಳ ಹಿಂದೆ ಖಾಲಿ ಬಿದ್ದಿರುತ್ತಿದ್ದ ದೊಡ್ಡ ಬಿಳಿ ಪೇಂಟ್ ಬಕೆಟ್ಟುಗಳನ್ನು ಕೇಳಿ ತಂದು, ಉಜ್ಜಿ ತೊಳೆದು, ತಳಕ್ಕೆ ತೂತು ಕೊರೆದ. ಹುಳಿ ಹಿಡಿದ ಮೇಲ್ಮಣ್ಣನ್ನು ಕೆರೆದು ತೆಗೆದು ಹೊಸ ಮಣ್ಣು ತುಂಬಿದ. ಒಂದೊಂದು ಕಪ್ಪು ಕುಂಡವನ್ನೂ ಒಂದೊಂದು ಬಕೆಟ್ಟಿನೊಳಗೆ ಇಳಿಸಿ, ಸುತ್ತಲಿನ ಸಂದಿಗೆ ಒದ್ದೆ ತೆಂಗಿನ ನಾರು ತುರುಕಿ, ಮಣ್ಣಿನ ಮೇಲೂ ಅದೇ ನಾರಿನ ಹೊದಿಕೆ ಹಾಸಿದ. ಎಲ್ಲವನ್ನೂ ಇಟ್ಟಿಗೆಗಳ ಮೇಲೆ ಏರಿಸಿದ. ಎಂಥ ಬಿಸಿಲಿಗೂ ಜಗ್ಗದ ಬಸಳೆಯನ್ನು ಮುಂದೆ ನಿಲ್ಲಿಸಿ, ಬಳ್ಳಿಯನ್ನು ಕಂಬಿಗೆ ಹಬ್ಬಿಸಿ, ಅದರ ನೆರಳಿಗೆ ಉಳಿದವನ್ನು ಒತ್ತೊತ್ತಾಗಿ ಕೂರಿಸಿದ. ಕರಿಬೇವಿಗೆ ಗೋಡೆಯ ಮೂಲೆ ಸಿಕ್ಕಿತು.

ಗಿಡಗಳು ತಣ್ಣಗಾದವು, ಆದರೆ ನೋಟ ಮಾತ್ರ ಕಟ್ಟಡ ಕಟ್ಟುವ ಜಾಗದ್ದೇ. ಬಕೆಟ್ಟುಗಳ ಮೇಲೆ ಪೇಂಟ್ ಕಂಪನಿಯ ಗುಲಾಬಿ ಆನೆಯೊಂದು ಹಲ್ಲುಕಿರಿಯುತ್ತಿತ್ತು. ಲತೇಶ ಪೆಟ್ಟಿಗೆ ತೆರೆದ. ಊರಿನ ಮದುವೆಗಳಲ್ಲಿ ಉಡುಗೊರೆ ಬಂದ, ಇಲ್ಲಿ ಉಡಲು ಸಂದರ್ಭವೇ ಸಿಗದ ಜರಿ ಅಂಚಿನ ಬಿಳಿ ಮುಂಡು ಪಂಚೆಗಳು ಒಂದು ಕಂತೆಯೇ ಇದ್ದವು. ಬಕೆಟ್ಟಿಗೊಂದರಂತೆ ಉಡಿಸಿ, ನೆರಿಗೆ ಹಿಡಿದು, ಹಗ್ಗ ಬಿಗಿದ. ಕಾರಿಡಾರಿನಲ್ಲಿ ದಿಬ್ಬಣವೊಂದು ಲಿಫ್ಟಿಗೆ ಕಾಯುತ್ತಾ ನಿಂತಂತೆ ಕಂಡಿತು. ಆಂಟಿ ಟಾನ್ ಮೂಗಿನಿಂದ ಟಿಶ್ಯೂ ತೆಗೆದು, ಮೊಮ್ಮಗಳನ್ನು ಮುಂದೆ ನಿಲ್ಲಿಸಿ ಫೋಟೋ ತೆಗೆದರು.

ಮಲ್ಲಿಗೆ ಚೇತರಿಸಿಕೊಂಡಿತು. ತುಳಸಿ, ದೊಡ್ಡಪತ್ರೆ ನೆಟ್ಟಗಾದವು. ಕರಿಬೇವು ಮಾತ್ರ ಕೊನೆಯ ಎಲೆಯನ್ನೂ ಉದುರಿಸಿ, ಮುಂಡು ಉಟ್ಟ ಒಣಕಡ್ಡಿಯಾಗಿ ನಿಂತಿತು. ಅಷ್ಟರಲ್ಲಿ ಆಂಟಿ ಬರುವ ದಿನವೂ ಬಂತು.

ಲತೇಶ ಸೂಟ್‌ಕೇಸ್ ಕಟ್ಟಿ ಬಾಗಿಲ ಬಳಿ ಇಟ್ಟಿದ್ದ. ಹೊರದಬ್ಬಿಸಿಕೊಳ್ಳುವುದಕ್ಕಿಂತ ತಾನೇ ಹೊರಟರೆ ಸ್ವಲ್ಪ ಮರ್ಯಾದೆ ಎಂಬುದು ಅವನ ಅನುಭವದ ಮಾತು. ಲಿಫ್ಟಿನಿಂದ ಇಳಿದ ಆಂಟಿ ಬ್ಯಾಗನ್ನು ಗಂಡನ ಕೈಗೆ ಕೊಟ್ಟು ನಿಂತಲ್ಲೇ ನಿಂತರು.

‘ಎಂತದಾ ಇದು? ಯಾರ ಮದುವೆ?’

ಲತೇಶ ಮಜ್ಜಿಗೆಯಿಂದ ಮುಂಡಿನವರೆಗೆ ಎಲ್ಲ ಒದರಿದ. ಆಂಟಿಯ ಬಿಳಿ ಡಬ್ಬಗಳ ಹಿಂದೆ ಎಂಥ ವಿಜ್ಞಾನವಿತ್ತೆಂದು ತನಗೆ ತಡವಾಗಿ ಹೊಳೆಯಿತೆಂದೂ ಹೇಳಿ ಸ್ವಲ್ಪ ಬೆಣ್ಣೆ ಹಚ್ಚಿದ.

‘ಎಂತ ವಿಜ್ಞಾನ? ಸೀಲಿಂಗಿಗೆ ಹೊಡೆದು ಉಳಿದ ಪೇಂಟು. ಬಿಸಾಡ್ಲಿಕ್ಕೆ ಆಗ್ತದಾ?’ ಎಂದು ಆಂಟಿ ಸೀದಾ ಕರಿಬೇವಿನ ಬಳಿಗೆ ಹೋದರು. ಉಗುರಿನಿಂದ ತೊಗಟೆ ಕೆರೆದರು. ಲತೇಶ ಸೂಟ್‌ಕೇಸಿನ ಹಿಡಿಗೆ ಕೈಯಿಟ್ಟ. ಕೆರೆದಲ್ಲಿ ಹಸಿರು ಕಂಡಿತು.

‘ಸತ್ತಿಲ್ಲ. ಬೋಳಾಗಿದೆ.’

‘ಹಾಗಾದ್ರೆ ಆಂಟಿ, ನನ್ನ ರೂಮು…’

‘ಹಾಳು ಮಾಡಿದವನನ್ನು ಓಡಿಸಿದ್ರೆ ಸರಿ ಮಾಡುವವ ಯಾರು? ನಾನಾ? ಪೆಟ್ಟಿಗೆ ಒಳಗಿಡು. ಆದ್ರೆ ಕೇಳು: ಇದ್ರಲ್ಲಿ ಒಗ್ಗರಣೆಗೆ ಆಗುವಷ್ಟು ಸೊಪ್ಪು ಬರುವವರೆಗೆ ನೀನು ಒಲೆ ಮುಟ್ಬಾರ್ದು.’

ಹೀಗೆ ರೂಮು ಉಳಿಯಿತು, ಒಲೆ ಹೋಯಿತು. ಲತೇಶ ಈಗ ಸಂಜೆ ಹಾಕರ್ ಸೆಂಟರಿನಲ್ಲಿ ಉಂಡು ಬರುತ್ತಾನೆ. ಎದುರು ಕೂತ ಆಕರ್ಷ್, ನೂಡಲ್ಸಿನಲ್ಲಿ ಮೊಟ್ಟೆಯ ಚೂರು ಹುಡುಕಿ ತೆಗೆಯುತ್ತಾ, ‘ನೋ ಕುಕಿಂಗ್ ಕ್ಲಬ್ಬಿಗೆ ವೆಲ್‌ಕಮ್ ಗುರು’ ಎನ್ನುತ್ತಾನೆ.

ಶಿಕ್ಷೆ ನಿಜವಾಗಿ ತಟ್ಟಿದ್ದು ಕೊರಗಪ್ಪ ಅಂಕಲ್‌ಗೆ. ಯಾವ ತಪ್ಪೂ ಮಾಡದ ಮನುಷ್ಯನಿಗೆ ಶನಿವಾರದ ಮೀನು ನಿಂತುಹೋಗಿತ್ತು. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕನ್ನಡಕ ಏರಿಸಿ ಕರಿಬೇವಿನ ಮುಂದೆ ಬಗ್ಗಿ ನಿಲ್ಲುತ್ತಾರೆ. ಮೊನ್ನೆ ಲತೇಶನನ್ನು ಪಿಸುದನಿಯಲ್ಲಿ ಹೊರಗೆ ಕರೆದರು. ಗಂಟಿನ ಬಳಿ ಬೆರಳುಗುರಿನಷ್ಟು ತಿಳಿಹಸಿರು ಚಿಗುರು.

‘ಒಂದು ಬಂಗುಡೆಗೆ ಇಷ್ಟು ಸಾಕಲ್ವಾ?’ ಅಂಕಲ್ ಕೇಳಿದರು.

‘ಮುಟ್ಟಿದ್ರೆ ಇಬ್ಬರೂ ಹೊರಗೆ!’ ಎಂದು ಅಡುಗೆಮನೆಯಿಂದ ಉತ್ತರ ಬಂತು.