ಅಡಿಗೊಂದು ನೂಲು

ಹೋದ ತಿಂಗಳು ಆಫೀಸಿನ ಟೇಬಲ್ಲಿನ ಕೆಳಗಿನ ಡ್ರಾಯರ್ ಖಾಲಿ ಮಾಡುತ್ತಿದ್ದೆ. ಹಳೆಯ ರಿಪೋರ್ಟುಗಳು, ಮುಚ್ಚಳವಿಲ್ಲದ ಪೆನ್ನುಗಳು, ಯಾವುದೋ ದೀಪಾವಳಿಗೆ ಕೊಟ್ಟ ಸ್ವೀಟಿನ ಡಬ್ಬ, ಅದರೊಳಗೆ ಗುಂಡುಸೂಜಿ... ಎಲ್ಲದರ ಅಡಿಯಲ್ಲಿ ಹಳದಿ ಬಟ್ಟೆಯ ಒಂದು ಸುರುಳಿ ಸಿಕ್ಕಿತು. ಬಿಚ್ಚುವ ಮೊದಲೇ ವಾಸನೆ ಬಂತು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಜೊತೆಗೆ ಆಗ ತಾನೇ ಉಜ್ಜಿದ ತೇಗದ ಹೊಟ್ಟು. ಹನ್ನೆರಡು ವರ್ಷ ಡ್ರಾಯರಿನಲ್ಲಿ ಬಿದ್ದಿದ್ದ ಬಟ್ಟೆಗೆ ಇಷ್ಟು ವಾಸನೆ ಉಳಿದಿರಬಾರದಿತ್ತು. ಒಳಗಿದ್ದದ್ದು ಮೇಸ್ತ್ರಿಯ ಸ್ಕೇಲು.

ನಾನು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತೇನೆ. ಎರಕದಿಂದ ಬಂದ ಕಬ್ಬಿಣದ ಭಾಗಗಳನ್ನು ಅಳೆದು, ಸರಿ ಇದ್ದರೆ ಸಹಿ ಹಾಕುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು. ಇಪ್ಪತ್ತೈದು ವರ್ಷ ಇದನ್ನೇ ಮಾಡಿ, ಮನೆಯಲ್ಲಿ ದೋಸೆಯನ್ನೂ ತಿರುವಿ ಮುರುವಿ ನೋಡಿಯೇ ತಟ್ಟೆಗೆ ಹಾಕುತ್ತೇನೆ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ. ಈಗ ಆ ಕೆಲಸ ಬಿಡಬೇಕೆಂದಿದ್ದೆ. ಮನೆ ಸಾಲ ತೀರಿದೆ, ಮಗಳು ತನ್ನ ಕಾಲ ಮೇಲೆ ನಿಂತಿದ್ದಾಳೆ, ಆಲ್ಕೊಳದಲ್ಲಿದ್ದ ಇನ್ನೊಂದು ಸೈಟು ಒಳ್ಳೆಯ ಬೆಲೆಗೆ ಹೋಗಿದೆ. ನನಗೆ ನಲವತ್ತೊಂಬತ್ತು. ರಾಜೀನಾಮೆ ಪತ್ರ ಟೈಪ್ ಮಾಡಿ ಬ್ಯಾಗಿನಲ್ಲಿಟ್ಟುಕೊಂಡೇ ಡ್ರಾಯರಿಗೆ ಕೈ ಹಾಕಿದ್ದು.

ಮೇಸ್ತ್ರಿ ನಮ್ಮ ಪ್ಯಾಟರ್ನ್ ಶಾಪಿನಲ್ಲಿದ್ದರು. ಕಬ್ಬಿಣದಲ್ಲಿ ಏನು ಬೇಕೋ ಅದನ್ನು ಮೊದಲು ಮರದಲ್ಲಿ ಮಾಡುವವರು ಅವರು. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಜಾಗಕ್ಕೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಬಿಸಿ ಆರಿದಂತೆ ಕಬ್ಬಿಣ ಕುಗ್ಗುತ್ತದೆ. ಅದಕ್ಕೇ ಮಾದರಿ ಚೂರು ದೊಡ್ಡದಿರಬೇಕು, ಅಡಿಗೆ ಒಂದು ನೂಲಿನಷ್ಟು. ಇಂಚಿನ ಎಂಟನೇ ಒಂದು ಪಾಲಿಗೆ ನಮ್ಮ ಬಡಗಿಗಳು ನೂಲು ಎನ್ನುತ್ತಾರೆ. ಪ್ರತಿಸಲ ಲೆಕ್ಕ ಹಾಕುತ್ತಾ ಕೂರುವುದು ಬೇಡವೆಂದು ಈ ಕೆಲಸದವರಿಗೆ ಬೇರೆಯದೇ ಸ್ಕೇಲಿದೆ. ನೋಡಲು ಎಲ್ಲ ಸ್ಕೇಲಿನ ಹಾಗೇ. ಆದರೆ ಅದರ ಒಂದು ಅಡಿ ಊರಿನವರ ಅಡಿಗಿಂತ ಒಂದು ನೂಲು ಉದ್ದ. ಅದರಿಂದ ಏನನ್ನು ಅಳೆದರೂ ಇರುವುದಕ್ಕಿಂತ ತುಸು ಕಡಿಮೆ ತೋರಿಸುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಒಂದು ಮಾದರಿಯನ್ನು ನನ್ನ ಸಾದಾ ಸ್ಕೇಲಿನಿಂದ ಅಳೆದು, ದೊಡ್ಡದಾಗಿದೆ ಎಂದು ಕೆಂಪು ಬಳಿದಿದ್ದೆ. ಇಡೀ ಶಾಪು ನಕ್ಕಿತು. ಅವರು ನಗಲಿಲ್ಲ. ತಮ್ಮ ಸ್ಕೇಲನ್ನು ನನ್ನದರ ಪಕ್ಕ ಇಟ್ಟು ತೋರಿಸಿ, "ಅಳತೆ ತಪ್ಪಿದೆ ಅನ್ಸಿದ್ರೆ ಮೊದ್ಲು ಸ್ಕೇಲ್ ನೋಡಿ ಇನ್‌ಸ್ಪೆಕ್ಟ್ರಮ್ಮ, ಆಮೇಲೆ ಮಾಲು ನೋಡಿ," ಎಂದರು. ಅವತ್ತಿನಿಂದ ನಾನು ಅವರಿಗೆ ಇನ್‌ಸ್ಪೆಕ್ಟ್ರಮ್ಮ. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಅವರು ಮಾಡಿದ ಮಾಲು ನನ್ನ ಸಹಿಯಿಲ್ಲದೆ ಗೇಟು ದಾಟುವಂತಿಲ್ಲವಲ್ಲ, ಆ ತಮಾಷೆ ಅವರಿಗೆ ಕೊನೆಯವರೆಗೂ ಇತ್ತು.

ಶಿವಮೊಗ್ಗ-ಭದ್ರಾವತಿ ರಸ್ತೆ ಅಗಲ ಮಾಡುವಾಗ ಅವರ ತಂದೆಯ ಕಾಲದ ಜಾಗ ಹೋಗಿ ಪರಿಹಾರದ ಹಣ ಬಂತು. ಭದ್ರಾವತಿಯ ಹಳೇನಗರದಲ್ಲಿ ಸ್ವಂತ ಮನೆ, ಮಗಳಿಗೆ ಮದುವೆಯಾಗಿತ್ತು, ಬೇರೆ ಖರ್ಚಿನ ಚಟವೇ ಇಲ್ಲ. ಒಂದು ಮಧ್ಯಾಹ್ನ ಊಟದ ಬುತ್ತಿ ತೊಳೆದು ಬಂದು ನನ್ನ ಟೇಬಲ್ಲಿನ ಮುಂದೆ ನಿಂತರು. ಮಾಲು ಹಿಡಿದು ನಿಲ್ಲುವ ಹಾಗೆಯೇ ನಿಂತಿದ್ದರು. ಕೈ ಮಾತ್ರ ಖಾಲಿ.

"ಕೆಲ್ಸ ಬಿಟ್ಬಿಡ್ಲಾ, ಬೇಡ್ವಾ? ನೀವೇ ಅಳೆದು ಹೇಳಿ."

ನಾನು ಅಳೆದೆ. ಪೇಪರ್ ತೆಗೆದುಕೊಂಡು ಅದೂ ಇದೂ ಕೂಡಿಸಿ ಕಳೆದು, ಕೂತು ಉಂಡರೂ ಸವೆಯುವುದಿಲ್ಲ ಎಂದು ಜಾಣೆಯ ಹಾಗೆ ಹೇಳಿದೆ. "ಬಿಡಿ ಮೇಸ್ತ್ರಿ, ಆರಾಮಾಗಿರಿ. ಇನ್ನೂ ಎಷ್ಟು ದಿನ ಹೊಟ್ಟು ಕುಡೀತೀರಿ?" ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಬೇಡ ಎನ್ನಲಿ ಎಂದು ಕಾಯುತ್ತಿದ್ದರೇನೋ... ಈಗ ಹಾಗನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆಗ ಅವರ ವಯಸ್ಸು ನಲವತ್ತೊಂಬತ್ತು.

ಬೀಳ್ಕೊಡುಗೆಗೆ ಸ್ಟೀಲಿನ ಡಿನ್ನರ್ ಸೆಟ್ ಕೊಟ್ಟರು. ಅವರು ಅದನ್ನು ತೆಗೆದುಕೊಂಡು, ಸ್ಕೇಲನ್ನೂ ಕೊಡ್ತೀರಾ ಎಂದು ಮ್ಯಾನೇಜರನ್ನು ಕೇಳಿದರು. ಮೂಲೆ ಸವೆದ ಹಳೇ ಸ್ಕೇಲು, ಯಾರಿಗೆ ಬೇಕು, ಕೊಟ್ಟರು. ಗೇಟಿನ ಹತ್ತಿರ ನಾನು, ಮನೆಯಲ್ಲಿ ಇದರಿಂದ ಏನು ಅಳೀತೀರಿ ಎಂದು ರೇಗಿಸಿದೆ.

"ಬಿಸಿ ಇರೋವರ್ಗೂ ಗೊತ್ತಾಗಲ್ಲಮ್ಮ. ಆರೋಕೆ ಶುರುವಾದ್ಮೇಲೆ ಅಳತೆ ನೋಡ್ಬೇಕು," ಎಂದರು. ತಮಾಷೆ ಮಾಡಿದರು ಅಂದುಕೊಂಡು ನಾನು ನಕ್ಕೆ.

ಐದಾರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಫ್ಯಾಕ್ಟರಿ ಗೇಟಿನಲ್ಲಿ ನಿಂತಿದ್ದರು. ಅದೇ ಖಾಕಿ ಅಂಗಿ, ಕೈಯಲ್ಲಿ ಬುತ್ತಿ. ವಾರಕ್ಕೆ ಎರಡು ದಿನ ಬರುತ್ತೇನೆ, ಸಂಬಳ ಬೇಡ, ಬೆಂಚಿನ ಮೂಲೆ ಕೊಟ್ಟರೆ ಸಾಕು ಎಂದರು. ಅಷ್ಟರಲ್ಲಿ ಮಾದರಿ ಕೊರೆಯಲು ಕಂಪ್ಯೂಟರ್ ಮಷಿನ್ ಬಂದಿತ್ತು, ಅವರ ಬೆಂಚನ್ನು ಕ್ಯಾಂಟೀನಿಗೆ ಸಾಗಿಸಿ ಅದರ ಮೇಲೆ ತಟ್ಟೆ ಜೋಡಿಸುತ್ತಿದ್ದರು. ಅದನ್ನು ಹೇಳದೆ, ಇಷ್ಟೆಲ್ಲ ದುಡ್ಡಿಟ್ಟುಕೊಂಡು ಯಾಕೆ ಮೇಸ್ತ್ರಿ, ಸುಮ್ಮನೆ ಮನೆಯಲ್ಲಿರಿ ಎಂದು ಕಳಿಸಿದೆ. ಹೋಗುವಾಗ ಅಂಗಿಯ ತೋಳು ಬೆರಳಿನ ಗಂಟಿನವರೆಗೆ ಇಳಿದಿದ್ದು ಕಂಡಿತು. ಬೇರೆಯವರ ಅಂಗಿ ಹಾಕಿಕೊಂಡಿರಬೇಕು ಎಂದುಕೊಂಡೆ. ಆದರೆ ಜೇಬಿನ ಮೇಲೆ ಅರಗಿನ ಕಲೆ ಇತ್ತು. ಅದು ಅವರದೇ ಅಂಗಿ.

ಕೆಲಸ ಬಿಟ್ಟು ವರ್ಷ ದಾಟಿದ ಮೇಲೆ, ಒಂದು ಭಾನುವಾರ ಭದ್ರಾವತಿಯಲ್ಲಿ ಮದುವೆಗೆ ಹೋದವಳು ಊಟ ಮುಗಿಸಿ ಅವರ ಮನೆಗೆ ಹೋದೆ. ಮಟಮಟ ಮಧ್ಯಾಹ್ನ. ಅವರು ಜಗಲಿಯಲ್ಲಿ ಹೊಸ ಕುರ್ಚಿಯೊಂದರಲ್ಲಿ ಕೂತಿದ್ದರು. ತಾವೇ ಮಾಡಿದ್ದು, ಬಿಟ್ಟ ತಿಂಗಳೇ. ಕುರ್ಚಿ ಬಲು ಚೆಂದವಿತ್ತು, ಒಂದು ಮೊಳೆಯಿಲ್ಲ. ಮಾತಾಡುತ್ತಾ ಕೂತಾಗ ನನ್ನ ಕಣ್ಣು ಅವರ ಪಾದದ ಮೇಲೆ ಹೋಯಿತು. ಬೆನ್ನು ತಾಗಿಸಿ ಕೂತಿದ್ದರು, ಪಾದ ನೆಲ ಮುಟ್ಟುತ್ತಿರಲಿಲ್ಲ. ಎರಡು ಬೆರಳು ಮೇಲೆ, ಗಾಳಿಯಲ್ಲಿ ಅಲ್ಲಾಡದೆ ನಿಂತಿದ್ದವು.

ನಾನು ನೋಡಿದ್ದನ್ನು ಅವರೂ ನೋಡಿದರು. ಜೇಬಿನೊಳಗೆ ಕೈಯಾಡಿಸಿ ಒಂದು ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ನಮ್ಮ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ಫಾರಂ. ಇರಬೇಕಾದ ಅಳತೆ: ಐದಡಿ ಆರಿಂಚು. ಇರುವ ಅಳತೆ: ಐದಡಿ ಮೂರಿಂಚು. ಮಾಲಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಸಹಿಯ ಜಾಗವೂ.

"ಕುಗ್ತಾ ಇದೀನಿ ಇನ್‌ಸ್ಪೆಕ್ಟ್ರಮ್ಮ."

ಮರುಕ್ಷಣವೇ ಹೊಳೆದು, ಯಾವ ಸ್ಕೇಲಿನಿಂದ ಅಳೆದಿರಿ ಎಂದು ಕೇಳಿದೆ. ಹಳದಿ ಬಟ್ಟೆ ಬಿಚ್ಚಿ ತೋರಿಸಿದರು. ಇರಬೇಕಾದ ಅಳತೆ ಎಲ್ಲಿಂದ ಬಂತು? ಫ್ಯಾಕ್ಟರಿ ಡಾಕ್ಟರ್ ಬರೆದ ಕಾರ್ಡಿನಿಂದ. ನನಗೆ ನಗು ತಡೆಯಲಾಗಲಿಲ್ಲ. ಮೇಸ್ತ್ರಿ, ನನಗೆ ಕಲಿಸಿದ ಪಾಠ ನೀವೇ ಮರೆತಿರಾ, ಡಾಕ್ಟರದ್ದು ಸಾದಾ ಸ್ಕೇಲು, ನಿಮ್ಮದು ಬೇರೆ, ಕಡಿಮೆ ತೋರಿಸದೆ ಇನ್ನೇನು ಮಾಡುತ್ತದೆ, ಕುರ್ಚಿಯೂ ಅದಕ್ಕೇ ದೊಡ್ಡದಾಗಿದೆ ಎಂದೆ. ಕೆಂಪು ಬಳಿದ ದಿನದ ಸೇಡು ತೀರಿತು ಎಂಬ ಖುಷಿಯೂ ನನ್ನೊಳಗಿತ್ತು, ಸುಳ್ಳು ಯಾಕೆ ಹೇಳಲಿ.

ಅವರ ಮುಖದಲ್ಲಿ ಸಮಾಧಾನ ಬರಲಿಲ್ಲ. "ಒಳಗೆ ಬಾಗ್ಲಲ್ಲಿ ಗೆರೆ ಹಾಕಿದೀನಿ. ಒಂದ್ಸಲ ನೋಡ್ಕೊಂಡು ಹೋಗಿ," ಎಂದರು. ಬಸ್ಸಿಗೆ ಹೊತ್ತಾಯಿತು, ಇನ್ನೊಂದು ಸಲ ಬರ್ತೀನಿ ಎಂದು ಎದ್ದೆ. ಸ್ಕೇಲು ತಪ್ಪು ಎಂದು ಗೊತ್ತಾದ ಮೇಲೆ ನೋಡುವುದು ಏನಿದೆ? ತಮಾಷೆಗೆಂದು ಆ ಫಾರಮ್ಮಿಗೆ 'ಸರಿಯಿದೆ' ಎಂದು ಬರೆದು ಸಹಿಯನ್ನೂ ಹಾಕಿ ಕೊಟ್ಟೆ. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.

ಶಿವಮೊಗ್ಗದಲ್ಲಿ ಇಳಿದು ಆಲ್ಕೊಳದ ಸಿಟಿ ಬಸ್ಸು ಹತ್ತಿ ಕೂತಾಗ ಲೆಕ್ಕ ತಾನಾಗಿ ತಲೆಯೊಳಗೆ ಓಡಿತು. ಅಡಿಗೆ ಒಂದು ನೂಲಾದರೆ ಐದೂವರೆ ಅಡಿಗೆ ಐದೂವರೆ ನೂಲು. ಮುಕ್ಕಾಲು ಇಂಚೂ ಆಗುವುದಿಲ್ಲ. ಮೂರು ಇಂಚು ಎಲ್ಲಿಂದ ಬಂತು? ಆ ಸ್ಕೇಲಿನಿಂದ ಮಾಡಿದ ಕುರ್ಚಿ ಎತ್ತರವಾದರೂ ಎಷ್ಟಾದೀತು, ಕಾಲಿಗೆ ಒಂದೆರಡು ನೂಲು. ಪಾದ ಎರಡು ಬೆರಳು ಮೇಲೆ ಹೇಗೆ ನಿಂತಿತು? ಮುಂದಿನ ಭಾನುವಾರ ಹೋಗಬೇಕು ಅಂದುಕೊಂಡೆ. ಅದರ ಮುಂದಿನ ಭಾನುವಾರವೂ ಅಂದುಕೊಂಡೆ. ಆಡಿಟ್ ಬಂತು, ಮಗಳಿಗೆ ಜ್ವರ ಬಂತು... ಮೂರನೇ ವಾರ ಸುದ್ದಿ ಬಂತು.

ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ಹೃದಯ ನಿಂತಿತು, ಬೇರೇನಿಲ್ಲ ಎಂದರಂತೆ ಡಾಕ್ಟರು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದು ನಡುಮನೆಗೆ ಕರೆದುಕೊಂಡು ಹೋಗಿ, ಕೋಣೆಯ ಬಾಗಿಲ ಚೌಕಟ್ಟು ತೋರಿಸಿದರು.

ಮಕ್ಕಳಿರುವ ಮನೆಯಲ್ಲಿ ಇಂಥ ಗೆರೆ ನೋಡಿದ್ದೇನೆ. ಅವು ಹುಟ್ಟುಹಬ್ಬಕ್ಕೆ ಒಂದರಂತೆ ಮೇಲೆ ಹೋಗುತ್ತವೆ. ಇವು ಕೆಳಗೆ ಬಂದಿದ್ದವು. ತಿಂಗಳಿಗೊಂದು ಪೆನ್ಸಿಲ್ ಗೆರೆ, ಚೂಪಾದ ತುದಿಯಿಂದ ಎಳೆದದ್ದು. ಮೇಲಿನವು ಒಂದಕ್ಕೊಂದು ಅಂಟಿಕೊಂಡಂತಿದ್ದವು, ಕೆಳಗೆ ಬಂದಂತೆ ನಡುವಿನ ಜಾಗ ಹೆಚ್ಚಿತ್ತು. ಮೊದಲನೆಯದರಿಂದ ಕೊನೆಯದಕ್ಕೆ ನನ್ನ ನಾಲ್ಕು ಬೆರಳು ಕೂರುತ್ತಿದ್ದವು. ಗೆರೆಗೆ ಸ್ಕೇಲು ಬೇಕಿಲ್ಲವಲ್ಲ. ಯಾವ ಸ್ಕೇಲಿನಿಂದ ಅಳೆದರೂ ಕೆಳಗಿನ ಗೆರೆ ಕೆಳಗೇ ಇರುತ್ತದೆ. ಮೊದಲು ಸ್ಕೇಲು ನೋಡಿ, ಆಮೇಲೆ ಮಾಲು ನೋಡಿ ಎಂದಿದ್ದರು. ನಾನು ಸ್ಕೇಲು ನೋಡಿ ಗೆದ್ದೆನೆಂದು ಎದ್ದು ಬಂದಿದ್ದೆ.

"ನಾನೇ ಕಣಮ್ಮ ತಲೆ ಮೇಲೆ ಪೆನ್ಸಿಲ್ ಇಟ್ಟು ಎಳೀತಿದ್ದಿದ್ದು," ಎಂದರು ಆಕೆ. "ನೆಟ್ಟಗೆ ನಿಂತ್ಕೊಳ್ರೀ ಅಂತ ಪ್ರತಿಸಲಾನೂ ಬೈತಿದ್ದೆ. ನಿಂತಿದೀನಿ ಕಣೇ ಅಂತಿದ್ರು."

ನಾನು ಸಹಿ ಹಾಕಿದ ಫಾರಂ ಅವರ ಜೇಬಿನಲ್ಲೇ ಇತ್ತಂತೆ, ಅದನ್ನೂ ಅವರ ಜೊತೆಗೇ ಕಳಿಸಿದರಂತೆ. ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬರುವಾಗ ಸ್ಕೇಲನ್ನು ನನ್ನ ಕೈಗಿಟ್ಟರು, ಬೇಡವೆನ್ನಲೂ ಆಗಲಿಲ್ಲ. ಬೆನ್ನುಮೂಳೆ ಸವೆದರೆ ಹಾಗಾಗುತ್ತದೆ ಎಂದು ಆಮೇಲೆ ಯಾರೋ ತಿಳಿದವರು ಹೇಳಿದರು. ಇರಬಹುದು. ಐವತ್ತರ ವಯಸ್ಸಿಗೆ, ಹದಿನಾಲ್ಕೇ ತಿಂಗಳಲ್ಲಿ ಅಷ್ಟು ಸವೆಯುತ್ತದೆಯೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸ್ಕೇಲನ್ನು ಡ್ರಾಯರಿನ ತಳಕ್ಕೆ ಹಾಕಿದೆ, ಅದರ ಮೇಲೆ ಹನ್ನೆರಡು ವರ್ಷದ ರಿಪೋರ್ಟು ಹೇರಿದೆ.

ಹೋದ ತಿಂಗಳು ಅದು ಕೈಗೆ ಸಿಕ್ಕ ದಿನ ನಾನು ಪತ್ರ ಕೊಡಲಿಲ್ಲ. ಬದಲಿಗೆ ಒಂದು ತಿಂಗಳು ರಜೆ ಕೇಳಿದೆ. ಮನೆಯಲ್ಲಿದ್ದು ನೋಡೋಣ, ಹಿಡಿಸಿದರೆ ಕೊಟ್ಟರಾಯಿತು ಎಂದು. ನಮ್ಮವರಿಗೆ ಮೇಸ್ತ್ರಿಯ ಕಥೆ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆ. ರಜೆಯ ಮೊದಲ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ತಲೆಯ ಮೇಲೆ ಒಂದು ಗೆರೆ ಎಳೆಯಿರಿ ಎಂದೆ. ಈ ವಯಸ್ಸಿಗೆ ಎತ್ತರ ಬೆಳೀತೀಯಾ ಎಂದು ರೇಗಿಸುತ್ತಲೇ ಎಳೆದರು.

ತಿಂಗಳು ಚೆನ್ನಾಗಿಯೇ ಕಳೆಯಿತು. ನಿಧಾನಕ್ಕೆ ಎದ್ದೆ, ಗಿಡಕ್ಕೆ ನೀರು ಹಾಕಿದೆ, ತಂಗಿಯ ಮನೆಗೆ ಹೋಗಿ ಬಂದೆ. ಎರಡನೇ ವಾರದಿಂದ ಮೇಲಿನ ಗೂಡಿನ ಡಬ್ಬಿ ತೆಗೆಯಲು ತುದಿಗಾಲಲ್ಲಿ ನಿಲ್ಲುತ್ತಿದ್ದೆ. ಮೊದಲೂ ಹಾಗೇ ನಿಲ್ಲುತ್ತಿದ್ದೆನೇ... ಎಷ್ಟು ನೆನಪಿಸಿಕೊಂಡರೂ ಗೊತ್ತಾಗಲಿಲ್ಲ. ನಿನ್ನೆ ರಜೆ ಮುಗಿಯಿತು. ನಾಳೆ ಸೋಮವಾರ, ಪತ್ರ ಬ್ಯಾಗಿನಲ್ಲೇ ಇದೆ. ಇವತ್ತು ಬೆಳಿಗ್ಗೆ ತಿಂಡಿಯಾದ ಮೇಲೆ ಪೆನ್ಸಿಲ್ ತಂದು ಇವರ ಕೈಗೆ ಕೊಟ್ಟು, ಅದೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಹಿಮ್ಮಡಿ ಚೌಕಟ್ಟಿಗೆ ಒತ್ತಿ, ಗದ್ದ ಎತ್ತಿ, ಉಸಿರು ಬಿಗಿಹಿಡಿದೆ. ಪೆನ್ಸಿಲ್ ತಲೆಯ ಮೇಲೆ ಬಂದು ನಿಂತಿತು. ಎಳೆಯುವ ಸದ್ದು ಬರಲಿಲ್ಲ.

"ನೆಟ್ಟಗೆ ನಿಂತ್ಕೋ ಮಾರಾಯ್ತಿ," ಎಂದರು.

ನಾನು ನೆಟ್ಟಗೇ ನಿಂತಿದ್ದೆ. ಮೇಸ್ತ್ರಿಯೂ ನೆಟ್ಟಗೇ ನಿಂತಿದ್ದರು. ಅವತ್ತು ಎದ್ದು ಒಳಗೆ ಹೋಗಿ, ಒಂದು ಸಲ ಆ ಗೆರೆಗಳನ್ನು ನೋಡಿ ಬರಬೇಕಿತ್ತು.