ಡೀಸೆಲ್ಲಿಗೆ ಸೇರಿದ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರ ಪೆಟ್ಟು ಎಲ್ಲರಿಗಿಂತ ಹೆಚ್ಚು ತಿಂದವನು ನನ್ನ ಲಾರಿಯ ಡ್ರೈವರ್.

ತೊಂಬತ್ತರ ದಶಕದ ಕೊನೆಯಲ್ಲಿ ಹಿರಿಯೂರಿನಲ್ಲಿ ನನ್ನದೊಂದು ಹಳೆಯ ಲಾರಿ ಇತ್ತು. ಓಡಿಸುವವನು ಹೊಳಲ್ಕೆರೆ ಕಡೆಯವನು, ನನಗಿಂತ ಕಿರಿಯ, ಮಾತು ಕಡಿಮೆ. ಪೂಜೆ ಮಾತ್ರ ನನ್ನ ಪಾಲಿನದು. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಮಾರಿಕಣಿವೆ ನಾಲೆಯ ಪಕ್ಕ ಲಾರಿ ನಿಲ್ಲಿಸಿ, ಬಕೆಟ್‌ಗಟ್ಟಲೆ ನೀರು ಸುರಿದು ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುತ್ತಿದ್ದೆ. ಡೀಸೆಲ್ ಟ್ಯಾಂಕಿನ ಮುಚ್ಚಳ ಎಂದೋ ಕಳೆದುಹೋಗಿತ್ತು. ಬಾಯಿಗೆ ಹಳೇ ಪಂಚೆಯ ತುಂಡು ತುರುಕಿದ್ದೆ. ಹೊಸದು ತರಬೇಕು ಅಂದುಕೊಳ್ಳುವುದೇ ಆಯಿತು, ತಂದದ್ದು ಇಲ್ಲ.

ಡ್ರೈವರ್ ದಿನಾ ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ಒಂದಿಷ್ಟು ಬಾಟಲಿಗೆ ಇಳಿಸುವುದನ್ನು ನೋಡಿದ್ದೆ. ಡೀಸೆಲ್ ಮಾರಿಕೊಳ್ಳುತ್ತಾನೇನೋ ಎಂಬ ಹುಳ ತಲೆ ಹೊಕ್ಕಿತ್ತು. ಒಂದು ದಿನ ಹೊಸದುರ್ಗದಿಂದ ತೆಂಗಿನಕಾಯಿ ಹೇರಿಕೊಂಡು ಬರುವಾಗ ಲಾರಿ ಏರು ಹತ್ತಲಾರದೆ ನಿಂತುಬಿಟ್ಟಿತು. ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪ್ ಹೋಗಿದೆ ಎಂದು ಡ್ರೈವರ್ ಹಿರಿಯೂರಿಗೆ ಬಂದು ಹೇಳಿದ್ದೇ ತಡ, ಲಾರಿ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಹತ್ತು ಜನರ ಎದುರು ಅವನ ಮೇಲೆ ಹರಿಹಾಯ್ದೆ.

“ಡೀಸೆಲ್ ಕದ್ದು ಮಾರ್ಕಂಡು, ಟ್ಯಾಂಕಿಗೆ ಸೀಮೆಎಣ್ಣೆ ಸುರಿತೀಯೇನಲೇ?”

“ಇಲ್ಲಣ್ಣ. ಫಿಲ್ಟರ್‌ನಾಗೆ ನೀರು ಬರ್ತೈತೆ, ಅದ್ನ ಬಿಡ್ತಿದ್ದೆ.”

“ಟ್ಯಾಂಕ್‌ನಾಗೆ ನೀರು ಎಲ್ಲಿಂದ ಬರ್ತೈತೆ? ನಿಮ್ಮಪ್ಪ ಬೋರ್ ಕೊರೆಸ್ಯಾನೇನು?”

ಜನ ನಕ್ಕರು. ಅವನು ಕೀಲಿ ಕೊಟ್ಟು ಹೊರಟುಹೋದ.

ಲಾರಿಯನ್ನು ಎಳೆಸಿಕೊಂಡು ಚಿತ್ರದುರ್ಗಕ್ಕೆ ಹೋದೆ. ಅಲ್ಲಿನ ಪಂಪ್ ಮಿಸ್ತ್ರಿ ವಯಸ್ಸಾದ ಸಾಬರು. ಪಂಪ್ ಬಿಚ್ಚಿ, ಒಳಗಿನ ಸಣ್ಣ ಉಕ್ಕಿನ ಕಡ್ಡಿಗಳನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಮೈತುಂಬ ಕಂದು ಕಲೆ.

“ಸೀಮೆಎಣ್ಣೆ ಆದ್ರೆ ಗೀರು ಬೀಳ್ತವೆ. ಇದು ತುಕ್ಕು. ಪಂಪು ನೀರು ಕುಡಿದೈತೆ,” ಅಂದರು. ಟ್ಯಾಂಕಿನ ತಳದ ಬೋಲ್ಟ್ ಸಡಿಲಿಸಿ ಗಾಜಿನ ಬಾಟಲಿ ಹಿಡಿದರು. ಕೆಳಗೆ ನೀರು, ಮೇಲೆ ಡೀಸೆಲ್ ನಿಂತಿತು. ಆಮೇಲೆ ಟ್ಯಾಂಕಿನ ಬಾಯಿಂದ ಪಂಚೆ ತುಂಡನ್ನು ಎಳೆದು ನನ್ನ ಕಡೆ ನೋಡಿದರು.

“ಗಾಡಿ ತೊಳಿಯೋರು ಯಾರು?”

“ನಾನೇ.”

“ನಿಮ್ ಡ್ರೈವರ್ ದಿನಾ ನೀರು ಬಿಟ್ಟಿದ್ದಕ್ಕೇ ಇಷ್ಟು ದಿನ ಓಡೈತೆ. ಅವ್ನ ಕಳ್ಕಬ್ಯಾಡ್ರಿ.”

ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ನನ್ನ ಒಂದು ಮಾತಿನಿಂದ ಒಬ್ಬನ ಅನ್ನಕ್ಕೇ ಕಲ್ಲು ಬಿದ್ದಿತ್ತು. ಕಳ್ಳನೆಂದು ಹೆಸರಾದವನಿಗೆ ಯಾರು ಗಾಡಿ ಕೊಡುತ್ತಾರೆ? ಹುಡುಕಿಕೊಂಡು ಹೋದರೆ ಹೊಳಲ್ಕೆರೆಯ ಮಂಡಿಯಲ್ಲಿ ಅಡಿಕೆ ಮೂಟೆ ಹೊರುತ್ತಿದ್ದ. ತಪ್ಪಾಯಿತು ಎಂದೆ.

“ಇಲ್ಲಿ ಹೇಳಿದ್ರೆ ಯಾರಿಗೆ ಕೇಳ್ತೈತಣ್ಣ? ಎಲ್ಲಿ ಅಂದ್ರೋ ಅಲ್ಲಿ ಹೇಳ್ರಿ.”

ಮರುದಿನ ಬೆಳಿಗ್ಗೆ ಅದೇ ಟೀ ಅಂಗಡಿ ಮುಂದೆ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಟ್ಯಾಂಕಿಗೆ ನೀರು ಬಿಟ್ಟವನು ನಾನು, ಇವನು ಕಳ್ಳನಲ್ಲ ಎಂದು ಹೇಳಿದೆ. ಯಾರೂ ನಗಲಿಲ್ಲ. ಅಲ್ಲೇ ಟೀ ಕುಡಿಯುತ್ತಿದ್ದ ಇನ್ನೊಬ್ಬ ಲಾರಿ ಮಾಲೀಕ, “ಏನಪ್ಪ, ನಮ್ ಗಾಡಿಗೆ ಬರ್ತೀಯಾ?” ಅಂದ.

“ನಮ್ದು ರಿಪೇರಿ ಆಗೈತೆ, ಬಾ, ಹೋಗಾಣ,” ಎಂದೆ ನಾನು ಅವಸರದಲ್ಲಿ.

ಡ್ರೈವರ್ ನನ್ನ ಎರಡೂ ಕೈ ಹಿಡಿದುಕೊಂಡ.

“ನೀವು ಕೆಟ್ಟೋರಲ್ಲಣ್ಣ. ಆದ್ರೆ ಮುಂದೆ ಯಾವತ್ತು ಗಾಡಿ ಕೆಟ್ರೂ, ನೀವು ಮೊದ್ಲು ನನ್ ಮುಖನೇ ನೋಡ್ತೀರಿ,” ಎಂದು ಹೇಳಿ, ಹೋಗಿ ಆ ಮಾಲೀಕನ ಲಾರಿ ಹತ್ತಿದ.