ಮೈಯ ಅಳತೆ, ಅಂಗಿಯ ಅಳತೆ

ದುಂಡಸಿ ದಾಟಿದ ಮೇಲಿನ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ನನ್ನ ಗಂಡ ಬ್ರೇಕ್ ಹಾಕಿದರು. ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕೂತಿದ್ದ ಎರಡೂವರೆ ವರ್ಷದ ಮಗಳು ಕೈ ಜಾರಿ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿದಳು. ಕಾರಿನ ವೇಗ ಅಂಥದ್ದೇನೂ ಇರಲಿಲ್ಲ. ಎಮ್ಮೆ ನಮ್ಮ ಕಡೆ ತಿರುಗಿಯೂ ನೋಡದೆ ದಾಟಿಕೊಂಡು ಹೋಯಿತು. ಮಗಳ ಕೆಳತುಟಿ ಒಡೆದು ಎರಡು ಹೊಲಿಗೆ ಬಿದ್ದವು. ನಾನು ಎರಡೂ ಕೈಯಿಂದ ಅವಳನ್ನು ಅವಚಿ ಹಿಡಿದಿದ್ದೆ ಎಂಬುದಕ್ಕೆ ಯಾವ ದೇವರ ಮೇಲೆ ಬೇಕಾದರೂ ಆಣೆ ಮಾಡುತ್ತೇನೆ. ತಾಯಿಯ ಕೈಗೆ ಅಷ್ಟೇ ಬಲ ಎಂದು ಆವತ್ತು ಗೊತ್ತಾಯಿತು.

ನಾವಿರುವುದು ಶಿಗ್ಗಾಂವಿಯಲ್ಲಿ, ನಾನು ಪಾಠ ಮಾಡುವುದು ಹಾನಗಲ್ಲಿನಲ್ಲಿ. ಮಗಳನ್ನು ಕರೆದುಕೊಂಡು ಆ ದಾರಿಯಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಓಡಾಡಲೇಬೇಕು. ಮರುದಿನವೇ ಕೂಸನ್ನು ಕೂಡಿಸುವ ಸೀಟು ತರಿಸಿದೆ. ಕೇರಿಯವರು ಬಂದು ನೋಡಿಹೋದರು. ಕೂಸಿಗೆ ತಾಯಿಯ ತೊಡೆಗಿಂತ ಪ್ಲಾಸ್ಟಿಕ್ಕು ಹೆಚ್ಚಾಯಿತೇ ಎಂದು ಒಬ್ಬರು ನಕ್ಕರು. ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಅವರಿಗೆ ಚಹಾ ಕೊಡದೆ ಕಳಿಸಿದೆ.

ಸೀಟಿನ ಜೊತೆ ಒಂದು ಪುಸ್ತಕ ಬಂದಿತ್ತು. ನಾನು ಅದನ್ನು ಪರೀಕ್ಷೆಗೆ ಕೂತವರ ಹಾಗೆ ಗೆರೆ ಎಳೆದು ಓದಿದೆ. ಇಷ್ಟು ಚಿಕ್ಕ ಮಕ್ಕಳನ್ನು ಕಾರಿನ ಹಿಂದಿನ ಸೀಟಿನಲ್ಲಿ, ಅದೂ ಹಿಂದಕ್ಕೆ ಮುಖ ಮಾಡಿ ಕೂಡಿಸಬೇಕು. ಬೆಲ್ಟು ಬರಲು ಸೀಟಿನ ಬೆನ್ನಿನಲ್ಲಿ ಮೂರು ಜೊತೆ ತೂತುಗಳಿದ್ದವು. ಹಿಂದೆ ಮುಖ ಮಾಡಿ ಕೂತ ಮಗುವಿಗೆ ಬೆಲ್ಟು ಭುಜದ ಮಟ್ಟದಿಂದ, ಇಲ್ಲವೇ ಅದಕ್ಕಿಂತ ತುಸು ಕೆಳಗಿನಿಂದ ಬರಬೇಕು. ಬ್ರೇಕ್ ಬಿದ್ದಾಗ ಮಗುವಿನ ಮೈ ಬೆನ್ನೊರಗಿದಂತೆಯೇ ಮೇಲಕ್ಕೆ ಜಾರುತ್ತದೆ, ಭುಜವನ್ನು ಒತ್ತಿ ಹಿಡಿಯಬೇಕಾದದ್ದು ಬೆಲ್ಟು. ಭುಜಕ್ಕಿಂತ ಮೇಲಿನಿಂದ ಬಂದರೆ ಅದು ಹಿಡಿಯುವುದಿಲ್ಲ. ಯಾವ ತೂತು ಎಂದು ತಿಳಿಯಲು ಮಗು ಕೂತಾಗ ಕೆಳಗಿನಿಂದ ಭುಜದವರೆಗೆ ಎಷ್ಟು ಎತ್ತರ ಎಂದು ಅಳೆಯಬೇಕು.

ಅಳೆಯಬೇಕು ಎಂದು ಬರೆದವರಿಗೆ ನನ್ನ ಮಗಳು ಗೊತ್ತಿರಲಿಲ್ಲ. ಹೊಲಿಗೆ ಬಿದ್ದ ಮೇಲೆ ಅವಳಿಗೆ ಯಾರು ಹತ್ತಿರ ಬಂದರೂ ಡಾಕ್ಟರರೇ. ಗೋಡೆಗೆ ಬೆನ್ನು ಹಚ್ಚಿ ಕೂಡಿಸಿದರೆ ಗೂನು ಹಾಕುತ್ತಿದ್ದಳು, ಸ್ಕೇಲು ತಂದರೆ ಮಂಚದ ಕೆಳಗೆ ಸೇರುತ್ತಿದ್ದಳು. ಸೀಟಿನಲ್ಲೇ ಕೂಡಿಸಿ ನೋಡೋಣವೆಂದರೆ ಓಣಿಯೇ ಕೇಳುವಂತೆ ಕಿರುಚಿದಳು. ನಾವಿಬ್ಬರೂ ಸೇರಿ ಮೂರು ಸಲ ಅಳೆದು ಮೂರು ಬೇರೆ ಅಂಕಿ ತಂದೆವು.

"ಅವ್ವನ ಕಡೆ ಕರ್ಕೊಂಡು ಹೋಗೂಣು" ಅಂದರು ನನ್ನ ಗಂಡ.

ನನ್ನ ಅತ್ತೆ ಸವಣೂರಿನಲ್ಲಿ ದೊಡ್ಡ ಮಗನ ಮನೆಯ ಮುಂದಿನ ಖೋಲಿಯಲ್ಲಿ ಮಷಿನ್ ಇಟ್ಟುಕೊಂಡು ಮೂವತ್ತು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದಾರೆ. ಹೆಚ್ಚಿನದು ಮಕ್ಕಳ ಅಂಗಿ, ಫ್ರಾಕು, ಶಾಲೆಯ ಸಮವಸ್ತ್ರ. ಅವರು ಮಗುವಿನ ಅಳತೆ ತೆಗೆಯುವುದನ್ನು ನೋಡಬೇಕು. ಮಗುವನ್ನು ಅವರು ಕರೆಯುವುದೇ ಇಲ್ಲ. ಗುಂಡಿಗಳ ಡಬ್ಬಿ ತೆಗೆದು ಮಣೆಯ ಮುಂದೆ ಸುರುವುತ್ತಾರೆ, ಅಷ್ಟೆ. ಮಗು ತಾನಾಗಿ ಬಂದು ಮಣೆಯ ಮೇಲೆ ಕೂತುಕೊಳ್ಳುತ್ತದೆ. ಅವರು ಕೆಂಪು ಗುಂಡಿಯನ್ನು ಎತ್ತಿ ಹಿಡಿಯುತ್ತಾರೆ, ಮಗು ನೆಟ್ಟಗೆ ಕೂತು ಅದನ್ನೇ ನೋಡುತ್ತದೆ. ಅಷ್ಟರಲ್ಲಿ ಇನ್ನೊಂದು ಕೈಯಲ್ಲಿದ್ದ ಟೇಪು ಹೋಗಿ ಬಂದಿರುತ್ತದೆ. ನನ್ನ ಮಗಳೂ ಹಾಗೇ ಅಳತೆ ಕೊಟ್ಟಳು. ನಾವು ಎರಡು ದಿನ ಗುದ್ದಾಡಿದ್ದು ಅಲ್ಲಿ ಎರಡು ಕ್ಷಣದಲ್ಲಿ ಮುಗಿಯಿತು. ಹೊಟ್ಟೆಕಿಚ್ಚಾಯಿತು ಎಂದೇ ಹೇಳಬೇಕು.

ಯಾಕೆ ಈ ಅಳತೆ ಎಂದು ಅವರು ಕೇಳಿದ್ದಕ್ಕೆ ನಾನು ಪುಸ್ತಕದಲ್ಲಿದ್ದದ್ದನ್ನೆಲ್ಲ ಪಾಠದಂತೆ ಒಪ್ಪಿಸಿದೆ. ಅವರು ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡರು. ಕೇಳಿಸಿಕೊಂಡರೋ ಇಲ್ಲವೋ ಎಂದು ನನಗೆ ಅನುಮಾನವೇ ಇತ್ತು.

"ಎಷ್ಟಾತ್ರಿ ಅತ್ತಿ?" ಅಂದೆ.

"ಬರದು ಕೊಡ್ತೇನಿ ತಡಿ" ಅಂದರು. ಮಕ್ಕಳ ಅಳತೆಯನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮೈ ಬೆಳೆಯದೆ ಅಲ್ಲಿಗೇ ನಿಲ್ಲುತ್ತದೆ ಎಂದು ಅವರಿಗೆ ಹೊಲಿಗೆ ಕಲಿಸಿದ ಮುದುಕಿ ಹೇಳಿದ್ದಳಂತೆ. ಬೇರೆ ಮಕ್ಕಳ ವಿಷಯದಲ್ಲಿ ಅದೊಂದು ರೂಢಿ, ಅಷ್ಟೆ. ನನ್ನ ಮಗಳ ವಿಷಯದಲ್ಲಿ ಹಾಗಲ್ಲ. ಇವಳು ಏಳು ತಿಂಗಳಿಗೇ ಹುಟ್ಟಿದವಳು. ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ನರ್ಸ್ ಬಾಗಿಲಿಗೆ ಬಂದು ಕೂಸಿನ ತೂಕ ಹೇಳಿ ಹೋಗುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದವರು ಅತ್ತೆ. ಮೊದಲ ವಾರವೆಲ್ಲ ತೂಕ ಇಳಿಯುತ್ತಲೇ ಹೋಯಿತು. ಎಂಟನೆಯ ದಿನ ಅವರು ನರ್ಸಿಗೆ ಕೈಮುಗಿದು, "ಹೇಳಬ್ಯಾಡ್ರಿ ನನ್ನವ್ವ, ಹಾಲು ಕುಡೀತೋ ಇಲ್ಲೋ ಅಷ್ಟ ಹೇಳ್ರಿ" ಅಂದರಂತೆ. ಆಮೇಲೆ ಈ ಕೂಸಿನ ಯಾವ ಅಂಕಿಯನ್ನೂ ಅವರು ಕೇಳಿರಲಿಲ್ಲ, ಹೇಳಿರಲಿಲ್ಲ.

ಚೀಟಿಯಲ್ಲಿ ಹದಿನಾಲ್ಕೂವರೆ ಎಂದಿತ್ತು. ಊರಿಗೆ ಬಂದು ಸೀಟಿನ ತೂತುಗಳನ್ನು ಅಳೆದೆ. ಎಲ್ಲಕ್ಕಿಂತ ಮೇಲಿನದು ಹದಿನಾಲ್ಕು ಇಂಚಿಗೆ. ಭುಜಕ್ಕಿಂತ ಅರ್ಧ ಇಂಚು ಕೆಳಗೆ. ಇದಕ್ಕಿಂತ ಚೊಕ್ಕ ಲೆಕ್ಕ ಬೇಕೇ? ಬೆಲ್ಟನ್ನು ಮೇಲಿನ ತೂತಿಗೆ ಪೋಣಿಸಿದೆ. ಗುಂಡಿಗಳ ಉಪಾಯವನ್ನೇ ಕದ್ದು ಮಗಳನ್ನು ಅದರಲ್ಲಿ ಕೂಡಿಸಿಯೂ ಬಿಟ್ಟೆ. ಮೂರು ದಿನ ಹಾನಗಲ್ಲಿಗೆ ಹಾಗೇ ಹೋಗಿ ಬಂದೆವು. ನಾನು ಬೀಗುವುದನ್ನು ನೋಡಲಾರದೆ ನನ್ನ ಗಂಡ ಆ ಪುಸ್ತಕವನ್ನೂ ದೇವರ ಜಗಲಿಯ ಮೇಲೆ ಇಡು ಅಂದರು.

ಭಾನುವಾರ ಹಿರೇಕೆರೂರಿನಲ್ಲಿ ನಾದಿನಿಯ ಮನೆಗೆ ಊಟಕ್ಕೆ ಹೋಗಬೇಕಿತ್ತು. ಅತ್ತೆ ಮುಂಚಿನ ದಿನವೇ ಬಸ್ಸಿಗೆ ಬಂದು ನಮ್ಮಲ್ಲಿ ಇಳಿದಿದ್ದರು. ಬೆಳಿಗ್ಗೆ ಹೊರಟಾಗ ಅವರು ಹಿಂದೆ ಮೊಮ್ಮಗಳ ಪಕ್ಕ ಕೂತರು. ನಾನು ಮುಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಗಳು ನಿದ್ದೆ ಹೋದಳು. ಅತ್ತೆಗೆ ಸುಮ್ಮನೆ ಕೂತು ಗೊತ್ತಿಲ್ಲ. ಬೆಲ್ಟಿನ ಕೆಳಗೆ ಮುದುಡಿದ್ದ ಫ್ರಾಕಿನ ಕೊರಳನ್ನು ಸರಿಮಾಡಲು ಹೋದರು. ಕೈ ಅಲ್ಲಿಯೇ ನಿಂತಿತು.

"ಈ ಪಟ್ಟಿ ಯಾವ ತೂತಿಗೆ ಹಾಕೀದಿ?" ಅಂದರು.

"ಮ್ಯಾಲಿಂದಕ್ರಿ. ನೀವು ಬರದುಕೊಟ್ಟ ಅಳತಿ ಪ್ರಕಾರನ ಹಾಕೇನಿ."

"ಹಿಂದಕ್ಕ ಮಾರಿ ಮಾಡಿದ ಕೂಸಿಗೆ ಭುಜದ ಕೆಳಗಿಂದ ಬರಬೇಕು ಅಂದಾಕಿ ನೀನ ಅಲ್ಲೇನು? ಇದು ಮ್ಯಾಲಿಂದ ಬರಾಕತ್ತೈತಿ. ನಡುವ ನನ್ನ ಎರಡು ಬೆರಳು ಹೋಗ್ತಾವ." ಆಮೇಲೆ ಮಗನಿಗೆ, "ಗಾಡಿ ಬಾಜೂಕ ನಿಂದ್ರಸು" ಅಂದರು.

"ಏನಾತವ್ವ?"

"ನಿಂದ್ರಸು ಅಂದೆ."

ಒಂದು ಬೇವಿನ ಮರದ ಕೆಳಗೆ ಕಾರು ನಿಂತಿತು. ಎಮ್ಮೆ ಅಡ್ಡ ಬಂದ ಜಾಗ ಅಲ್ಲಿಂದ ದೂರವಿರಲಿಲ್ಲ. ನಾನು ಇಳಿದು ಹಿಂದಿನ ಬಾಗಿಲು ತೆಗೆದು ನೋಡಿದೆ. ಅತ್ತೆ ಹೇಳಿದ್ದು ನಿಜವಾಗಿತ್ತು. ಮಗಳ ಭುಜದ ಮೇಲೆ ಕಮಾನಿನಂತೆ ಎದ್ದು ಬೆಲ್ಟು ಹಿಂದಕ್ಕೆ ಹೋಗಿತ್ತು.

"ತಪ್ಪು ನಂದು" ಅಂದರು ಅತ್ತೆ. "ಚೀಟ್ಯಾಗ ಬರದದ್ದು ಕೂಸಿನ ಮೈ ಅಳತಿ ಅಲ್ಲ, ಅಂಗಿ ಅಳತಿ. ಬೆಳಿಯೋ ಮಕ್ಕಳಿಗೆ ನಾ ಯಾವತ್ತೂ ಮೈ ಅಳತಿ ಬರದಾಕಿನ ಅಲ್ಲ. ಬೆಳವಣಿಗಿ ಸೇರಿಸಿನ ಬರೀತೇನಿ."

ನನಗೆ ತಟ್ಟನೆ ಅರ್ಥವಾಯಿತು. ಅವರು ಹೊಲಿದ ಸಮವಸ್ತ್ರಗಳನ್ನು ನಾನೇ ನೋಡಿಲ್ಲವೇ? ಅಂಚಿನಲ್ಲಿ, ಭುಜದಲ್ಲಿ, ಒಳಗೆ ಮಡಚಿದ ಬಟ್ಟೆ ಇರುತ್ತದೆ. ಮುಂದಿನ ಜೂನ್‌ನಲ್ಲಿ ಬಿಚ್ಚಿದರೆ ಇನ್ನೊಂದು ವರ್ಷ ನಡೆಯುತ್ತದೆ. ಆ ಕೈಗೆ ಮಗು ಎಂದರೆ ಇವತ್ತಿನ ಮಗು ಅಲ್ಲ, ಬರುವ ವರ್ಷದ ಮಗು.

"ಎಷ್ಟು ಸೇರಿಸೀರ್ರಿ?" ಅಂದೆ.

"ನೆಪ್ಪಿಲ್ಲ. ಕೈ ತಾನ ಸೇರಸ್ತೈತಿ."

ಸಿಟ್ಟು ಬಂತು. ಮೂರು ದಿನ ಆ ರಸ್ತೆಯಲ್ಲಿ ನನ್ನ ಮಗಳನ್ನು ಹಿಡಿಯದ ಬೆಲ್ಟಿನಲ್ಲಿ ಕಟ್ಟಿಕೊಂಡು ತಿರುಗಿದ್ದೆ. ಯಾರನ್ನಾದರೂ ಬೈಯಬೇಕಿತ್ತು. ಬಾಯಿ ತೆರೆಯುವ ಮೊದಲು ಪುಸ್ತಕದ ಅದೇ ಪುಟದ ಕೊನೆಯ ಸಾಲು ನೆನಪಾಯಿತು. ಮಗುವನ್ನು ಕೂಡಿಸಿದ ಮೇಲೆ ಭುಜದ ಹತ್ತಿರ ಕೈಯಿಟ್ಟು ನೋಡಿ ಎಂದಿತ್ತು. ಅದರ ಕೆಳಗೂ ನಾನು ಗೆರೆ ಎಳೆದಿದ್ದೆ. ಓದಿದವಳು ನಾನು, ಕೈಯಿಟ್ಟು ನೋಡಿದವರು ಅತ್ತೆ. ನೀನ್ಯಾಕೆ ನೋಡಲಿಲ್ಲ ಎಂದು ಅವರು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಹಿರೇಕೆರೂರು ಬರುವವರೆಗೂ ಕೇಳುತ್ತಿದ್ದೆ.

ಅವರ ಚೀಲದಲ್ಲಿ ಟೇಪು ಯಾವಾಗಲೂ ಇರುತ್ತದೆ. ಮಗಳನ್ನು ಎಬ್ಬಿಸಿ, ಕಾರಿನ ಹಿಂಬಾಗಿಲು ತೆರೆದು, ಡಿಕ್ಕಿಯ ಸಪಾಟು ಜಾಗದಲ್ಲಿ ಹಿಂದಿನ ಸೀಟಿಗೆ ಬೆನ್ನು ಹಚ್ಚಿ ಕೂಡಿಸಿದರು. ಗುಂಡಿಗಳಿರಲಿಲ್ಲ. ತಮ್ಮ ಕೈಬಳೆ ಬಿಚ್ಚಿ ಮೇಲೆ ಹಿಡಿದರು. ಮಗಳು ಕತ್ತೆತ್ತಿ ನೆಟ್ಟಗಾದಳು. ಈ ಸಲ ಟೇಪು ಹೋಗಿ ಬಂದು ಮುಗಿಯಲಿಲ್ಲ. ಭುಜದ ಮೇಲೆ ಹೆಬ್ಬೆರಳಿಟ್ಟು, ಕಣ್ಣು ಕಿರಿದು ಮಾಡಿ ನೋಡಿದರು. ಬಿಟ್ಟು ಮತ್ತೆ ಅಳೆದರು. ಮೂವತ್ತು ವರ್ಷದ ಕೈಯನ್ನು ಅವರು ಗದರಿಸಿ ನಿಲ್ಲಿಸುತ್ತಿರುವುದು ನನಗೆ ಕಾಣುತ್ತಿತ್ತು.

ನಾನು ಪೆನ್ನು, ಚೀಟಿ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಬರೆಯಲು ಹೋದರೆ ಕೈ ಮತ್ತೆ ಸೇರಿಸೀತು ಎಂಬ ಭಯವಿತ್ತೇನೋ. ಮೊಮ್ಮಗಳ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು, "ಹದಿಮೂರು" ಅಂದರು. ಬಾಯಿಬಿಟ್ಟು, ನಾವಿಬ್ಬರೂ ಕೇಳುವಂತೆ. "ಹದಿಮೂರು. ಒಂದು ನೂಲೆಳಿ ಹೆಚ್ಚಿಲ್ಲ, ಕಡಿಮಿ ಇಲ್ಲ. ನೀನ ಬರಕೋ."

ನನ್ನ ಗಂಡ ತಲೆ ತಗ್ಗಿಸಿದರು. ಆಸ್ಪತ್ರೆಯ ಆ ಬೆಂಚು ಅವರಿಗೂ ಗೊತ್ತು. ನನಗೆ ಅತ್ತೆಯ ಕಾಲು ಹಿಡಿಯಬೇಕು ಅನ್ನಿಸಿತು. ನನ್ನಂಥವಳಿಗೆ ಅಂಥದ್ದೆಲ್ಲ ಮಾಡಲು ಬರುವುದಿಲ್ಲ, ಚೀಟಿಯಲ್ಲಿ ಹದಿಮೂರು ಎಂದು ಬರೆದುಕೊಂಡೆ.

ನಡುವಿನ ತೂತು ಹನ್ನೆರಡೂವರೆಗೆ ಇತ್ತು. ಬೆಲ್ಟು ಬಿಚ್ಚಿ ಅದಕ್ಕೆ ಪೋಣಿಸಲು ನಮಗೆ ಅರ್ಧ ಗಂಟೆ ಹಿಡಿಯಿತು. ಬಿಸಿಲು ಏರಿತ್ತು. ಮಗಳು ಬಳೆ ಹಿಡಿದುಕೊಂಡು ಅಜ್ಜಿಯ ಸೊಂಟದ ಮೇಲಿಂದ ಎಲ್ಲವನ್ನೂ ನೋಡಿದಳು. ಕೂಡಿಸಿ ಬಿಗಿದ ಮೇಲೆ ನಾನು ಭುಜದ ಹತ್ತಿರ ಕೈಯಿಟ್ಟು ನೋಡಿದೆ. ನನ್ನ ಗಂಡ ನೋಡಿದರು. ಅತ್ತೆ ಎರಡು ಬೆರಳು ತೂರಿಸಲು ಹೋದರು, ಜಾಗ ಸಿಗಲಿಲ್ಲ. "ಈಗ ಹಿಡಕೊಂಡೈತಿ" ಅಂದರು.

ಕಾರು ಹೊರಟು ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಸೀಟಿನಿಂದ ತಿರುಗಿ ಕೇಳಿದೆ. "ಬಾಯಿಲೆ ಹೇಳಾಕ ಹೆದರಿಕಿ ಆಗ್ಲಿಲ್ಲೇನ್ರಿ ಅತ್ತಿ?"

"ಆತು. ಇನ್ನೂ ಐತಿ" ಅಂದರು. "ಆದ್ರ ಹೆದರಿಕಿ ನಂದು, ಮೈ ಅಕೀದು. ನನ್ನ ಹೆದರಿಕಿ ಸಲುವಾಗಿ ಅಕೀ ಅಳತಿ ತಪ್ಪಬಾರದಲ್ಲ."

ಹಾನಗಲ್ ಹತ್ತಿರ ಬಂದಾಗ, ಆಸ್ಪತ್ರೆಯ ಆ ದಿನಗಳ ನಂತರ ಮೊದಲ ಸಲ, ಅವರು ನನ್ನನ್ನು ಒಂದು ಅಂಕಿಯ ಬಗ್ಗೆ ಕೇಳಿದರು.

"ಹದಿಮೂರು ಅಂದ್ರ ಚಲೋ ಬೆಳದಾಳಲ್ಲಾ?"

"ಭಾಳ ಚಲೋ ಬೆಳದಾಳ್ರಿ" ಅಂದೆ. ಹಿರೇಕೆರೂರು ಬರುವಷ್ಟರಲ್ಲಿ ಅವರು ಅದನ್ನೇ ಇನ್ನೂ ಎರಡು ಸಲ ಕೇಳಿದರು, ನಾನೂ ಎರಡು ಸಲ ಹೇಳಿದೆ.